ಎಡಗಾಲು ಹಿರಿಯೂರಿಗೆ, ಬಲಗಾಲು ಹೊಳಲ್ಕೆರೆಗೆ

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿದ್ದ ಶ್ರೀ ನಾಗಲಿಂಗಸ್ವಾಮಿ ಪ್ರಸನ್ನ ಗೂಡ್ಸ್ ಸರ್ವಿಸ್‌ನ ಬುಕಿಂಗ್ ಗುಮಾಸ್ತ ಏಕಾಂತಪ್ಪನಿಗೆ ದೇವರು ಭಾರಿ ಮೂಗನ್ನು ಕೊಟ್ಟಿದ್ದ. ಕೊಡುವ ಗಡಿಬಿಡಿಯಲ್ಲಿ ಒಳಗೆ ಇಡಬೇಕಾದದ್ದನ್ನು ಇಡಲು ಮರೆತಿದ್ದನೋ, ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಅದನ್ನು ಹೊತ್ತುಕೊಂಡು ಹೋಯಿತೋ, ಅಂತೂ ಏಕಾಂತಪ್ಪನಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಹಾಲು ಸೀದರೂ ಗೊತ್ತಾಗದು, ಊದುಬತ್ತಿ ಹಚ್ಚಿದರೂ ಗೊತ್ತಾಗದು. ಈ ಗುಟ್ಟು ತನ್ನ ತಾಯಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದು ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಹೆಣ್ಣು ನೋಡಲು ಹಿರಿಯೂರಿಗೆ ಹೋದ ದಿನ ತಾಯಿ ಕಿವಿಯಲ್ಲಿ ಹೇಳಿದ್ದಳು: "ಬಾಯಿ ಬಿಟ್ಟು ಕೆಡಿಸ್ಕಬ್ಯಾಡ. ಏನಾದ್ರೂ ಮೂಸಿದಂಗೆ ಮಾಡಿ ಚೆಂದಾಗೈತೆ ಅನ್ನು." ಏಕಾಂತಪ್ಪ ತಾಯಿಯ ಮಾತು ಮೀರಿದವನಲ್ಲ. ಸರ್ವಮಂಗಳ ಉಪ್ಪಿಟ್ಟಿನ ತಟ್ಟೆ ಹಿಡಿದು, ಹಾಸಿದ ಕಂಬಳಿಯ ಮೇಲೆ ನಡೆದು ಬಂದು ನಿಂತಳು. ಅವಳ ಮುಡಿಯ ಕಡೆ ತಿರುಗಿ ಅವನು ಉದ್ದಕ್ಕೆ ಉಸಿರೆಳೆದು, "ಹೂವಿನ ಘಮ ಹಜಾರದ ತುಂಬ ತುಂಬೈತೆ" ಎಂದ. ಹೆಣ್ಣಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ತಲೆ ತಗ್ಗಿಸಿ ನಕ್ಕಳು. ರಸಿಕನಾದ ಅಳಿಯ ಸಿಕ್ಕ ಸಂತೋಷಕ್ಕೆ ಎಲ್ಲರಿಗೂ ನಗು ಬಂದಿದೆ ಎಂದು ಏಕಾಂತಪ್ಪ ತಿಳಿದುಕೊಂಡ. ಮದುವೆಯೂ ಆಯಿತು.

ಇಂಥ ಮನುಷ್ಯ ಜಿಲ್ಲೆಗೆಲ್ಲ ಹೆಸರಾದ ಮೂಗಿನ ಪಂಡಿತನಾದದ್ದು ಹೇಗೆ ಎಂಬುದನ್ನು ಈಗ ಹೇಳಬೇಕು.

ಎಮರ್ಜೆನ್ಸಿಯ ವರ್ಷ. ಕಂಪನಿಯ ಲಾರಿಯೊಂದರಲ್ಲಿ ಯಾರೋ ಹಸಿ ಚರ್ಮದ ಮೂಟೆಯನ್ನು ಬೆಲ್ಲದ ಪೆಂಟೆಗಳ ಮೇಲೆ ಒರಗಿಸಿ ಕಳಿಸಿದ್ದರು. ಆ ಬೆಲ್ಲ ಚಿತ್ರದುರ್ಗದ ಒಂದು ಮದುವೆ ಮನೆ ಸೇರಿತು. ಹೋಳಿಗೆ ತಿನ್ನಲು ಕುಳಿತ ಬೀಗರು ಎದ್ದು ಹೋದರು. ಮಾಲೀಕ ಪರಮೇಶ್ವರಪ್ಪನವರು ಮರುದಿನವೇ ಹುಕುಂ ಹೊರಡಿಸಿದರು: ಇನ್ನು ಮೇಲೆ ಪ್ರತಿ ಬ್ರಾಂಚಿನಲ್ಲೂ ಚರ್ಮದ ಮಾಲನ್ನು ಒಬ್ಬ ಜವಾಬ್ದಾರಿ ಮನುಷ್ಯ ಮೂಸಿ, ಹಸಿ ಯಾವುದು, ಹದ ಮಾಡಿದ್ದು ಯಾವುದು, ತಯಾರಾದ ಸಾಮಾನು ಯಾವುದು ಎಂದು ವಿಂಗಡಿಸಬೇಕು. ಹಸಿಯದನ್ನು ಈಚಲು ಚಾಪೆಯಲ್ಲಿ ಸುತ್ತಿ ಲಾರಿಯ ಬಾಲದ ಕಡೆ ಕಟ್ಟಬೇಕು. ಹದ ಮಾಡಿದ್ದಕ್ಕೆ ಎರಡು ಗೋಣಿ ಹೊದಿಸಬೇಕು. ಚಪ್ಪಲಿ, ಬೆಲ್ಟು, ಚೀಲಗಳಿಗೆ ಹುಲ್ಲು, ಬೇವಿನ ಸೊಪ್ಪು, ಹಳೇ ಪೇಪರು.

ಹೊಸದುರ್ಗ ಬ್ರಾಂಚಿನಲ್ಲಿ ಆ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಏಕಾಂತಪ್ಪನ ಕಡೆ ನೋಡಿದರು. ಚರ್ಮದ ಮೂಟೆಯ ಪಕ್ಕದಲ್ಲೇ ಕುಳಿತು ರೊಟ್ಟಿ ಬುತ್ತಿ ಬಿಚ್ಚುತ್ತಿದ್ದವನು ಅವನೊಬ್ಬನೇ. ಅವನ ಈ ವೈರಾಗ್ಯವನ್ನು ಕಂಡು ಕೆಲವರು, ಮಠದಲ್ಲಿ ಇರಬೇಕಾದ ಜೀವ, ಲಾರಿ ಆಫೀಸಿಗೆ ಬಂದು ಬಿದ್ದಿದೆ ಎಂದು ಮರುಗುತ್ತಿದ್ದರು. ಏಕಾಂತಪ್ಪ ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಪರಮೇಶ್ವರಪ್ಪನವರು ಬೆನ್ನು ತಟ್ಟಿ, "ಆ ಮೂಗು ನೋಡಿದ್ರೆನೇ ಗೊತ್ತಾಗ್ತೈತೆ ಕಣಪ್ಪ" ಎಂದುಬಿಟ್ಟರು. ಹೊಗಳಿದವರ ಮಾತನ್ನು ತೆಗೆದುಹಾಕುವುದು ಏಕಾಂತಪ್ಪನ ಸ್ವಭಾವಕ್ಕೆ ಒಗ್ಗದ ಕೆಲಸ.

ಅವನು ಕಂಡುಕೊಂಡ ಉಪಾಯ ಹಮಾಲಿ ಬೋರಣ್ಣನ ಮುಖ. ಮೂಟೆಯ ಬಾಯಿ ಬಿಚ್ಚಿ, ಮೂಗು ಹತ್ತಿರ ಹಿಡಿದು, ಧ್ಯಾನಕ್ಕೆ ಕೂತವರ ಹಾಗೆ ಎರಡೂ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ಬೋರಣ್ಣನನ್ನು ನೋಡುತ್ತಿದ್ದ. ಬೋರಣ್ಣ ಟವಲನ್ನು ಮೂಗಿಗೆ ಒತ್ತಿಕೊಂಡರೆ ಹಸಿ. ಮುಖ ಕಿವುಚಿದರೆ ಹದ ಮಾಡಿದ್ದು. ಸುಮ್ಮನೆ ಬೀಡಿ ಸೇದುತ್ತಿದ್ದರೆ ತಯಾರಾದ ಸಾಮಾನು. ಒಂದು ಸಲವೂ ತಪ್ಪಲಿಲ್ಲ. ಹೊಸದುರ್ಗದ ಮೂಗು ಎಂದರೆ ಹೊಳಲ್ಕೆರೆಯ ಡ್ರೈವರುಗಳೂ ತಲೆದೂಗುವಂತಾಯಿತು.

ಹೆಸರು ಬಂದ ಮೇಲೆ ಮನುಷ್ಯ ಸುಮ್ಮನೆ ಕೂರುವುದುಂಟೇ. ದಾರಿಯಲ್ಲಿ ಮೂಟೆ ಬಿಚ್ಚಿ ಚಪ್ಪಲಿ ಜೋಡಿಗಳನ್ನು ಎಗರಿಸುತ್ತಿದ್ದಾರೆ ಎಂಬ ದೂರು ಬಂದಾಗ ಏಕಾಂತಪ್ಪ ಒಂದು ಹೊಸ ಪದ್ಧತಿಯನ್ನೇ ತಂದ. ಎಡಗಾಲಿನವೆಲ್ಲ ಒಂದು ಮೂಟೆ, ಬಲಗಾಲಿನವೆಲ್ಲ ಒಂದು ಮೂಟೆ. ಎಡದ್ದು ಹಿರಿಯೂರಿಗೆ ನೇರ ಹೋಗುವ ಲಾರಿಯಲ್ಲಿ. ಬಲದ್ದು ಹೊಳಲ್ಕೆರೆ, ಚಿತ್ರದುರ್ಗ, ಐಮಂಗಲ ಸುತ್ತಿಕೊಂಡು ಹಿರಿಯೂರು ಸೇರುವ ಲಾರಿಯಲ್ಲಿ.

"ಎಡಗಾಲಿಂದು ಒಂದೇ ಕದ್ದು ಯಾವ ಕಳ್ಳ ಏನು ಮಾಡ್ಯಾನು ಹೇಳು?" ಎಂದು ಬೋರಣ್ಣನನ್ನು ಕೇಳಿದ.

"ಒಂಟಿ ಕಾಲಿನ ಕಳ್ಳ ಇದ್ರೆ?"

ಏಕಾಂತಪ್ಪ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚನೆ ಮಾಡಿದ. "ಅವನಿಗೆ ಓಡಾಕೆ ಆಗಲ್ಲ. ಹಿಡಿಬೋದು" ಎಂದ.

ಈಗ ಅವನ ಹೆಂಡತಿಯ ವಿಷಯ. ಏಕಾಂತಪ್ಪನಿಗೆ ಮೂಗಿನಷ್ಟೇ ಅಭಿಮಾನ ಹೆಂಡತಿಯ ನಡಿಗೆಯ ಮೇಲೆ. ಹನ್ನೆರಡು ವರ್ಷದಲ್ಲಿ ಒಂದು ದಿನವಾದರೂ ಸರ್ವಮಂಗಳ ಗಂಡನ ಬಲಗಡೆ ನಡೆದವಳಲ್ಲ. ಹೋಗುವಾಗಲೂ ರಸ್ತೆಯ ಎಡ ಅಂಚು, ಬರುವಾಗಲೂ ರಸ್ತೆಯ ಎಡ ಅಂಚು. ಶಿವನ ಎಡಭಾಗದಲ್ಲಿ ಪಾರ್ವತಿ ಇರುವಂತೆ ತನ್ನ ಎಡಭಾಗದಲ್ಲಿ ಸರ್ವಮಂಗಳ ಎಂದು ಅವನು ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಮ್ಮೆ ಮಠದ ಸ್ವಾಮಿಗಳ ಎದುರಿನಲ್ಲೇ ಹೇಳಿಕೊಂಡಿದ್ದ. ಬೀದಿಯ ಗಂಡಸರು ತಮ್ಮ ಹೆಂಡಂದಿರಿಗೆ ಅವಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ನಿಜ ಬೇರೆ ಇತ್ತು. ಸರ್ವಮಂಗಳಳ ಬಲಗಾಲು ಎಡಗಾಲಿಗಿಂತ ತುಸು ಗಿಡ್ಡ. ನಮ್ಮ ಟಾರು ರಸ್ತೆಗಳ ನಡು ಎತ್ತರ, ಅಂಚು ಇಳಿಜಾರು. ಎಡ ಅಂಚಿನಲ್ಲಿ ನಡೆದರೆ ಬಲಗಾಲಿಗೆ ಎತ್ತರದ ನೆಲ ಸಿಕ್ಕಿ ಎರಡೂ ಸಮವಾಗುತ್ತಿದ್ದವು. ಹೆಣ್ಣು ನೋಡುವ ದಿನ ಅವಳ ತಾಯಿ ಬಸಮ್ಮ ಕಂಬಳಿಯ ಬಲಭಾಗವನ್ನು ನಾಲ್ಕು ಮಡಿಕೆ ಮಡಚಿ ಹಾಸಿದ್ದಳು. ಗಂಡಿನ ಕಡೆಯವರು ಉಪ್ಪಿಟ್ಟಿನಲ್ಲಿ ಮಗ್ನರಾಗಿದ್ದರು. "ಸಾಯೋತನಕ ಹೇಳಬ್ಯಾಡ, ಮೋಸ ಆತು ಅಂತ ತವರಿಗೆ ಕಳಿಸ್ಯಾರು" ಎಂದು ಬಸಮ್ಮ ಮಗಳಿಂದ ಆಣೆ ಹಾಕಿಸಿಕೊಂಡಿದ್ದಳು. ಅಂದಿನಿಂದ ಸರ್ವಮಂಗಳ ಈ ಭಯವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬದುಕಿದ್ದಳು. ನಮಗೆ ಗೊತ್ತಾದ ಈ ಸಂಗತಿ ಏಕಾಂತಪ್ಪನಿಗೆ ಮಾತ್ರ ಗೊತ್ತಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಆ ವರ್ಷ ಸರ್ವಮಂಗಳಳಿಗೆ ಕೆರೆಯಾಚೆಯ ಹಳ್ಳಿಯ ಶಿಶುವಿಹಾರದಲ್ಲಿ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಲ್ಲದ ಮನೆಯಲ್ಲಿ ಅವಳಿಗೆ ಅದು ಹಬ್ಬ. ಹಾಡು ಕಲಿತಳು, ಚಿಂದಿ ಬಟ್ಟೆಯಲ್ಲಿ ಆನೆ ಕುದುರೆ ಹೊಲಿದಳು. ಆದರೆ ಆ ಹಳ್ಳಿಗೆ ಟಾರು ರಸ್ತೆ ಇಲ್ಲ. ಗಾಡಿ ದಾರಿ. ಎಡವೂ ಬಲವೂ ಒಂದೇ ಮಟ್ಟ. ಸಾಲದ್ದಕ್ಕೆ ಏಕಾಂತಪ್ಪ ಬೀದಿಗೆಲ್ಲ ಸಾರಿಬಿಟ್ಟಿದ್ದ: "ಸೋಮವಾರ ನಾನೇ ಜೊತೆಗೆ ಹೋಗಿ ಬಿಟ್ಟು ಬರ್ತೀನಿ."

ಅವಳು ಮಾಡದಕೆರೆಯ ದೊಡ್ಡತಿಮ್ಮಪ್ಪನಿಗೆ ಹೇಳಿ ಕಳಿಸಿದಳು. ದೊಡ್ಡತಿಮ್ಮಪ್ಪ ಕುರಿಗಾರರಿಗೆ ಗಟ್ಟಿ ಮೆಟ್ಟು ಹೊಲಿದು ಹಿರಿಯೂರಿನ ಅಂಗಡಿಗೆ ಕಳಿಸುವವನು. ಹಿತ್ತಲ ಬಾಗಿಲಿನಲ್ಲಿ ನಿಂತು ನೂಲಿನಲ್ಲಿ ಎರಡೂ ಕಾಲಿನ ಅಳತೆ ತೆಗೆದುಕೊಂಡು ಹೋದ. ಬಲಗಾಲಿನದಕ್ಕೆ ಅಟ್ಟೆಯ ಮೇಲೆ ಅಟ್ಟೆ ಕೂಡಿಸಿ, ಕೆಂಪು ದಾರದ ಹೊಲಿಗೆ ಹಾಕಿ, ಮದುವಣಗಿತ್ತಿ ಮೆಟ್ಟಬಹುದಾದಂಥ ಜೋಡಿ ಮಾಡಿದ. ಶುಕ್ರವಾರ ಮೂಟೆಯ ಜೊತೆ ಲಾರಿ ಆಫೀಸಿಗೆ ಬಂದು, ಆ ಜೋಡಿಯನ್ನು ಮೂಟೆಯ ಬಾಯಲ್ಲೇ ಇಟ್ಟು, ಏಕಾಂತಪ್ಪ ಬುತ್ತಿ ಬಿಚ್ಚಿ ಕೂತ ಮೇಲೆ ಅದನ್ನು ತೆಗೆದು ಅವನ ಮನೆಯ ಹಿತ್ತಲಿಗೆ ಹೋಗಿ ಕೊಡೋಣವೆಂದು ಟೀ ಕುಡಿಯಲು ಹೋದ.

ಆದರೆ ಅಂದು ಏಕಾಂತಪ್ಪನಿಗೆ ಹಸಿವಿಗಿಂತ ಪದ್ಧತಿಯ ಹುರುಪು ಹೆಚ್ಚಾಗಿತ್ತು. ಮೂಟೆ ಬಿಚ್ಚಿದ. ಮೇಲಿದ್ದ ಜೋಡಿಯನ್ನು ಎತ್ತಿ ಬೆಳಕಿಗೆ ಹಿಡಿದ. ಒಂದರ ಅಟ್ಟೆ ತೆಳ್ಳಗೆ, ಇನ್ನೊಂದರದು ಇಟ್ಟಿಗೆಯಷ್ಟು ದಪ್ಪ.

"ಪಾಪ, ವಯಸ್ಸಾತು. ಕೈ ತಪ್ಪೈತೆ" ಎಂದು ಮರುಗಿ, ತೆಳ್ಳಗಿದ್ದ ಎಡದ್ದನ್ನು ಎಡದ ಮೂಟೆಗೂ ದಪ್ಪನೆಯ ಬಲದ್ದನ್ನು ಬಲದ ಮೂಟೆಗೂ ಹಾಕಿ, ಬೇವಿನ ಸೊಪ್ಪು ತುರುಕಿ, ಬಾಯಿ ಹೊಲಿಸಿದ. ದೊಡ್ಡತಿಮ್ಮಪ್ಪ ಬರುವಷ್ಟರಲ್ಲಿ ಒಂದು ಲಾರಿ ಹಿರಿಯೂರಿನ ಹಾದಿ ಹಿಡಿದು ಮಾರಿಕಣಿವೆಯ ಕಡೆಗೂ ಇನ್ನೊಂದು ಹೊಳಲ್ಕೆರೆಯ ಕಡೆಗೂ ಧೂಳೆಬ್ಬಿಸಿಕೊಂಡು ಹೋಗಿದ್ದವು.

ದೊಡ್ಡತಿಮ್ಮಪ್ಪ ತಲೆಯ ಮೇಲೆ ಕೈ ಹೊತ್ತು ಕುಂತ. "ಸ್ವಾಮಿ, ಅದು ಕೈತಪ್ಪಲ್ಲ. ಒಬ್ಬ ತಾಯಿಗೆ ಬಲಗಾಲು ಗಿಡ್ಡ. ಬೇಕು ಅಂತ್ಲೇ ಹಂಗೆ ಮಾಡಿದ್ದು."

"ಯಾವ ತಾಯಿ?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟೀನಿ."

"ನಮ್ಮೂರೋರಾ?"

ದೊಡ್ಡತಿಮ್ಮಪ್ಪ ಆಕಾಶ ನೋಡಿದ. ಬೋರಣ್ಣನೂ ಆಕಾಶ ನೋಡಿದ. ಏನಿದೆಯೋ ಎಂದು ಏಕಾಂತಪ್ಪನೂ ನೋಡಿದ.

ಮನೆಗೆ ಬಂದರೆ ಸರ್ವಮಂಗಳ ಹಿತ್ತಲ ಮೆಟ್ಟಿಲಿನ ಮೇಲೆ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಹಿತ್ತಲಿನಿಂದ ಬಂದು ಹೋಗಿತ್ತು. ಮಗಳಿಗೆ ಕೆಲಸ ಸಿಕ್ಕಿತೆಂದು ಹಿರಿಯೂರಿನಿಂದ ಬಂದಿದ್ದ ಬಸಮ್ಮ ಅಡ್ಡ ಬಂದು, "ಈರುಳ್ಳಿ ಹೆಚ್ತಾ ಇದ್ಲು" ಎಂದಳು.

"ಇವತ್ತು ಬೆಲ್ಲದ ಹುಗ್ಗಿ ಅಂದಿದ್ರಲ್ಲ ಅತ್ತೆ? ಹುಗ್ಗಿಗೆ ಈರುಳ್ಳಿ ಹಾಕ್ತೀರಾ?"

"ನಮ್ಮ ತವರಾಗೆ ಹಾಕ್ತೀವಿ" ಎಂದು ಬಸಮ್ಮ ಮುಖ ಗಂಟಿಕ್ಕಿದಳು. ಆ ಮಾತನ್ನು ಉಳಿಸಿಕೊಳ್ಳಲು ಅವಳು ಅಂದು ಹುಗ್ಗಿಗೆ ನಿಜವಾಗಿಯೂ ಒಂದು ಈರುಳ್ಳಿ ಹಾಕಿದಳು. ಏಕಾಂತಪ್ಪ ಎರಡು ಸಲ ಬಡಿಸಿಕೊಂಡು ಉಂಡ.

ಉಣ್ಣುತ್ತ ಆಫೀಸಿನ ಕಥೆಯನ್ನೆಲ್ಲ ಹೇಳಿದ. "ಯಾರೋ ಪಾಪ, ಕಾಲು ಗಿಡ್ಡ ಅಂತೆ. ನನ್ನ ಕೈಯಿಂದ ಅವಳ ಚಪ್ಪಲಿ ದಿಕ್ಕಾಪಾಲಾತು."

ಸರ್ವಮಂಗಳ ಮೆಲ್ಲಗೆ ಕೇಳಿದಳು: "ಅವಳ ಗಂಡಂಗೆ ಕಾಲಿನ ವಿಷಯ ಗೊತ್ತಿಲ್ಲದಿದ್ರೆ?"

"ಕೂಡೆ ಬಾಳ್ವೆ ಮಾಡಿ ಗೊತ್ತಾಗದೆ ಇರಾಕೆ ಅವನೇನು ಪೆದ್ದನಾ?"

ಬಸಮ್ಮನಿಗೆ ಕೆಮ್ಮು ಬಂತು. ಸರ್ವಮಂಗಳ ನೀರು ಕೊಡಲು ಎದ್ದು ಹೋದಳು. ಅವಳ ಕಣ್ಣು ಮತ್ತೆ ತುಂಬಿದ್ದನ್ನು ಏಕಾಂತಪ್ಪ ಕಂಡ. ಗುರುತಿಲ್ಲದ ಹೆಂಗಸಿಗಾಗಿ ಇಷ್ಟು ನೋಯುವ ಜೀವ ತನ್ನ ಮನೆಯಲ್ಲಿದೆಯಲ್ಲ ಎಂದು ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ನಾಳೆ ನಾನೇ ಹಿರಿಯೂರಿಗೆ ಹೋಗಿ ಎರಡನ್ನೂ ತರ್ತೀನಿ" ಎಂದು ಮಾತು ಕೊಟ್ಟ.

"ನಾನೂ ಬರ್ತೀನಿ. ಅವ್ವನ್ನ ಊರಿಗೆ ಬಿಟ್ಟಂಗೂ ಆಗ್ತೈತೆ" ಎಂದಳು ಸರ್ವಮಂಗಳ.

ಶನಿವಾರ ಬೆಳಗಿನ ಬಸ್ಸಿಗೆ ಮೂವರೂ ಹಿರಿಯೂರಿನಲ್ಲಿ ಇಳಿದರು. ಚಪ್ಪಲಿ ಅಂಗಡಿಯ ಶಿವಕುಮಾರಪ್ಪ ಒಂದು ರಾಶಿ ಎಡಗಾಲುಗಳ ನಡುವೆ ಕೂತಿದ್ದ. ಎದುರಿಗೆ ಗೊಲ್ಲಪ್ಪನೆಂಬ ಕುರಿಗಾರ ಎರಡೂ ಕಾಲಿಗೆ ಎಡದ್ದನ್ನೇ ಮೆಟ್ಟಿ, ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ತೋರಿಸುತ್ತಿದ್ದ.

"ನೋಡ್ರಿ, ನೋಡ್ರಿ! ನೆಟ್ಟಗೆ ಹೋಗಾಣ ಅಂದ್ರೆ ಎಡಕ್ಕೇ ಎಳೀತೈತೆ. ಇದನ್ನ ಮೆಟ್ಟಿ ಕುರಿ ಹಿಂದೆ ಹೋದ್ರೆ ಸಂಜೀ ಹೊತ್ತಿಗೆ ವಾಪಸ್ ಇಲ್ಲಿಗೇ ಬರ್ತೀನಿ!"

"ಬಂದೆಯಾ ಏಕಾಂತಪ್ಪ," ಎಂದ ಶಿವಕುಮಾರಪ್ಪ, "ನಿನ್ನ ಪದ್ಧತಿ ಬಾಳ ಚೆಂದಾಗೈತೆ. ಕಳ್ಳನೂ ಒಯ್ಯಲಿಲ್ಲ, ಗಿರಾಕಿನೂ ಒಯ್ಯಲಿಲ್ಲ. ಬಲಗಾಲಿನ ಮೂಟೆನ ಐಮಂಗಲದ ಹತ್ರ ಚೆಕ್ ಪೋಸ್ಟಿನೋರು ಇಳಿಸ್ಕಂಡಾರಂತೆ. ಡ್ರೈವರ್ ಹೇಳಿ ಕಳಿಸ್ಯಾನೆ."

ಸರ್ವಮಂಗಳ ರಾಶಿಗೆ ಕೈ ಹಾಕಿ ಕೆಂಪು ದಾರದ ಎಡಗಾಲಿನದನ್ನು ಒಂದೇ ಸಲಕ್ಕೆ ಹೆಕ್ಕಿ ತೆಗೆದಳು. ಹೆಂಗಸರ ಕಣ್ಣು ಎಷ್ಟು ಚುರುಕು ಎಂದು ಏಕಾಂತಪ್ಪ ಬೆರಗಾದ. ಅಲ್ಲೇ ಉಳಿಯಬೇಕಾಗಿದ್ದ ಬಸಮ್ಮ, "ನಾನೂ ಬರ್ತೀನಿ, ಸರ್ಕಾರದೋರ ಹತ್ರ ನಿಮ್ಮಿಬ್ರಿಗೂ ಮಾತಾಡಾಕೆ ಬರಲ್ಲ" ಎಂದು ಎಲೆ ಅಡಿಕೆ ಚೀಲ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಆ ಕಾಲದಲ್ಲಿ ಸರ್ಕಾರಿ ಆಫೀಸುಗಳಿಗೆ ಜನ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಬಂದ ಮೇಲೆ ಏನಾದರೂ ಮಾಡಬೇಕಲ್ಲ. ಚೆಕ್ ಪೋಸ್ಟಿನ ಸಾಹೇಬರು ಇನ್ನೂ ಹರೆಯದವರು, ಹೊಸದಾಗಿ ಬಂದವರು. ವರಾಂಡದಲ್ಲಿ ಬಲಗಾಲುಗಳನ್ನೆಲ್ಲ ಸಾಲಾಗಿ ಜೋಡಿಸಿ ನಿಂತಿದ್ದರು. ಹೆದ್ದಾರಿಯ ಲಾರಿ ಡ್ರೈವರುಗಳು ಸುತ್ತ ನೆರೆದಿದ್ದರು.

"ಇಷ್ಟೂ ಬಲಗಾಲೇ. ಎಡಗಾಲು ಎಲ್ಲಿ?"

"ಹಿರಿಯೂರಾಗೆ ಐತೆ ಸಾರ್."

"ಒಂದು ಕಾಲು ಮುಂಚೆ ಕಳಿಸಿ, ಇನ್ನೊಂದು ಕಾಲು ಆಮೇಲೆ ಕಳಿಸ್ತೀರಾ?"

"ನಡಿಯೋವಾಗ್ಲೂ ಹಂಗೇ ಅಲ್ವಾ ಸಾರ್" ಎಂದ ಏಕಾಂತಪ್ಪ ವಿನಯದಿಂದ.

ಡ್ರೈವರುಗಳು ನಕ್ಕರು. ಸಾಹೇಬರು ನಗಲಿಲ್ಲ. ಕಳ್ಳರಿಗೆ ಹೆದರಿ ಮಾಡಿದ ಪದ್ಧತಿ ಇದು ಎಂದು ಏಕಾಂತಪ್ಪ ವಿವರಿಸಿದಷ್ಟೂ ಅವರ ಅನುಮಾನ ಬೆಳೆಯಿತು. ಕಳ್ಳರ ವಿಚಾರ ನಿಮಗೆ ಇಷ್ಟು ವಿವರವಾಗಿ ಹೇಗೆ ಗೊತ್ತು ಎಂದರು. ನಾನು ಹೊಸದುರ್ಗ ಬ್ರಾಂಚಿನಲ್ಲಿ ಚರ್ಮದ ಮಾಲು ಮೂಸಿ ವಿಂಗಡಿಸುವವನು ಎಂದ.

"ಓ, ಆ ಮೂಗು ನೀವೇನಾ?" ಸಾಹೇಬರು ಹಿಂದಿನ ದಿನ ಹಿಡಿದಿಟ್ಟಿದ್ದ ಮೂರು ಗೋಣಿಯ ಗಂಟುಗಳನ್ನು ಮೇಜಿನ ಮೇಲೆ ಇಡಿಸಿದರು. "ಹಂಗಾದ್ರೆ ಹೇಳ್ರಿ. ಇದರಲ್ಲಿ ಹಸಿ ಯಾವುದು, ಹದ ಮಾಡಿದ್ದು ಯಾವುದು, ತಯಾರಾದ ಸಾಮಾನು ಯಾವುದು? ತಪ್ಪಿದ್ರೆ ಈ ಮೂಟೆ ಚಿತ್ರದುರ್ಗದ ಆಫೀಸಿಗೆ ಹೋಗ್ತದೆ. ಬಿಡುಗಡೆ ಆಗೋಕೆ ತಿಂಗಳಾದ್ರೂ ಬೇಕು."

ಏಕಾಂತಪ್ಪ ಅಭ್ಯಾಸದಂತೆ ಪಕ್ಕದಲ್ಲಿ ಬೋರಣ್ಣನನ್ನು ಹುಡುಕಿದ. ಬೋರಣ್ಣ ಇಲ್ಲಿಲ್ಲ. ಚೆಕ್ ಪೋಸ್ಟಿನ ಜವಾನನ ಕಡೆ ನೋಡಿದರೆ ಅವನು ರಾತ್ರಿಯೆಲ್ಲ ಆ ಗಂಟುಗಳಿಗೇ ತಲೆ ಕೊಟ್ಟು ಮಲಗಿದ್ದವನು, ಆರಾಮಾಗಿ ಮಂಡಕ್ಕಿ ತಿನ್ನುತ್ತಿದ್ದ. ಡ್ರೈವರುಗಳು ಬೀಡಿಯ ಹೊಗೆಯಲ್ಲಿ ಮುಳುಗಿದ್ದರು. ಬಸಮ್ಮನ ಬಾಯಿ ತುಂಬ ಎಲೆ ಅಡಿಕೆ ಇದ್ದುದರಿಂದ ಅವಳ ಮುಖದ ಮೇಲೆ ಯಾವ ಭಾವವೂ ನಿಲ್ಲುತ್ತಿರಲಿಲ್ಲ.

ಅವನು ಮೊದಲ ಗಂಟಿಗೆ ಮೂಗು ಹಿಡಿದು ಕಣ್ಣು ಮುಚ್ಚಿದ. ಶಿವಶಿವಾ ಎಂದು ಒಂದು ಕಣ್ಣು ತೆರೆದ. ಎದುರಿಗೆ, ಮೇಜಿನ ಆಚೆ, ಬೋರಣ್ಣ ನಿಲ್ಲಬೇಕಾದ ಜಾಗದಲ್ಲಿ ಸರ್ವಮಂಗಳ ಬಂದು ನಿಂತಿದ್ದಳು. ಅವಳ ಮುಖ ಕಿವುಚಿತು.

"ಹದ ಮಾಡಿದ್ದು" ಎಂದ ಏಕಾಂತಪ್ಪ.

ಎರಡನೆಯದಕ್ಕೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅಷ್ಟು ಗಟ್ಟಿಯಾಗಿ ಬೋರಣ್ಣ ಕೂಡ ಒತ್ತಿಕೊಂಡವನಲ್ಲ.

"ಇದು ಹಸಿ."

ಮೂರನೆಯದಕ್ಕೆ ಅವಳು ರಸ್ತೆಯ ಕಡೆ ನೋಡುತ್ತ ಸುಮ್ಮನೆ ನಿಂತಳು.

"ಇದು ತಯಾರಾದದ್ದು. ಬೆಲ್ಟು ಇದ್ದೀತು" ಎಂದು ತನ್ನದೂ ಒಂದಿಷ್ಟು ಸೇರಿಸಿದ. ಬಿಚ್ಚಿ ನೋಡಿದರೆ ಕೈಚೀಲಗಳು. ಅಷ್ಟು ತಪ್ಪು ಮೂಗಿಗೆ ಸಲ್ಲುತ್ತದೆ ಎಂದು ಡ್ರೈವರುಗಳು ತೀರ್ಪು ಕೊಟ್ಟರು.

ಸಾಹೇಬರಿಗೂ ಮೆಚ್ಚುಗೆಯಾಯಿತು. ಆದರೆ ಅವರ ಕೈ ಸಾಲಿನ ಕೊನೆಯಲ್ಲಿದ್ದ ಕೆಂಪು ದಾರದ ಚಪ್ಪಲಿಯನ್ನು ಎತ್ತಿಕೊಂಡಿತ್ತು. "ಎಲ್ಲಾ ಸರಿ. ಇದೊಂದರ ಅಟ್ಟೆ ಯಾಕೆ ಇಷ್ಟು ದಪ್ಪ? ಬಂಗಾರಕ್ಕೆ ವಾಸನೆ ಇರೋದಿಲ್ಲ ಏಕಾಂತಪ್ಪನೋರೆ. ಚಾಕು ತಗೊಂಡ್ ಬಾರಯ್ಯ."

ಜವಾನ ಮಂಡಕ್ಕಿ ಬಿಟ್ಟು ಚಾಕು ತಂದ.

"ಸಾರ್, ಕೊಯ್ಯಬ್ಯಾಡ್ರಿ. ಅದು ಯಾರೋ ಒಬ್ಬ ತಾಯೀದು" ಎಂದು ಏಕಾಂತಪ್ಪ ಕೈ ಮುಗಿದ.

"ಯಾವ ತಾಯಿ? ಹೆಸರು ಹೇಳಿ."

"ಗೊತ್ತಿಲ್ಲ ಸಾರ್."

"ಹೆಸರಿಲ್ಲದ ತಾಯಿ!" ಸಾಹೇಬರು ಚಾಕುವಿನ ತುದಿಯನ್ನು ಹೊಲಿಗೆಗೆ ಇಟ್ಟರು.

"ಕೊಯ್ಯಬ್ಯಾಡ್ರಿ" ಎಂದಳು ಸರ್ವಮಂಗಳ. "ಅದು ನಂದು."

"ಸರ್ವೀ, ಬಾಯಿ ಮುಚ್ಚೇ!" ಎಂದು ಬಸಮ್ಮ ಎಲೆ ಅಡಿಕೆ ಉಗಿದು ಓಡಿ ಬಂದಳು. "ಇಲ್ಲ ಸಾಮಿ, ಅದು ನಂದು. ನನ್ನ ಕಾಲು ಗಿಡ್ಡ. ಎರಡೂ ಗಿಡ್ಡ!"

ಸರ್ವಮಂಗಳ ತಾಯಿಯನ್ನು ಮೆಲ್ಲ ಪಕ್ಕಕ್ಕೆ ಸರಿಸಿದಳು. ವರಾಂಡದ ಆ ತುದಿಗೆ ಹೋಗಿ ಅಲ್ಲಿಂದ ಬರಿಗಾಲಲ್ಲಿ ನಡೆದು ಬಂದಳು. ಸಿಮೆಂಟಿನ ನೆಲ ಸಮವಾಗಿತ್ತು. ಪ್ರತಿ ಹೆಜ್ಜೆಗೂ ಅವಳ ಬಲಭುಜ ಇಳಿದು ಏಳುತ್ತಿತ್ತು. ಅವಳು ಯಾರನ್ನೂ ನೋಡಲಿಲ್ಲ, ಗಂಡನನ್ನೊಬ್ಬನನ್ನು ಬಿಟ್ಟು. ಸಾಹೇಬರು ಚಾಕುವನ್ನು ಬೆನ್ನ ಹಿಂದೆ ಇಟ್ಟುಕೊಂಡು, ಚಪ್ಪಲಿಯನ್ನು ತಾವೇ ತಂದು ಅವಳ ಮುಂದೆ ನೆಲದ ಮೇಲೆ ಇಟ್ಟರು.

ಬಸಮ್ಮ ಅಳಲು ಶುರು ಮಾಡಿದಳು. "ಅಳಿಯಂದಿರೇ, ಅವಳ ತಪ್ಪಲ್ಲ. ಕಂಬಳಿ ಮಡಚಿ ಹಾಸಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ. ಅವಳನ್ನ ಮಾತ್ರ ಬಿಡಬ್ಯಾಡ್ರಿ."

ಎಲ್ಲರೂ ಏಕಾಂತಪ್ಪನ ಕಡೆ ತಿರುಗಿದರು. ಅವನ ಮುಖದಲ್ಲಿ ಒಂದು ದೊಡ್ಡ ಲೆಕ್ಕ ಎಲ್ಲೋ ತಪ್ಪಿದವನ ಗೊಂದಲವಿತ್ತು. ರಸ್ತೆಯ ಎಡ ಅಂಚು, ಹೋಗುವಾಗ ಬರುವಾಗ, ಮಳೆಯಲ್ಲಿ ಬಿಸಿಲಲ್ಲಿ, ಎಲ್ಲವೂ ನೆನಪಿಗೆ ಬರುತ್ತಿದ್ದವು.

"ಹಂಗಾದ್ರೆ" ಎಂದ, "ಎಡಗಡೆ ನಡಿಯೋದು ಶಾಸ್ತ್ರ ಅಲ್ವಾ?"

ಸರ್ವಮಂಗಳ ಅಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು.

"ನಾನು ಸ್ವಾಮಿಗಳ ಮುಂದೆ ಹೇಳ್ಬಿಟ್ಟೀನಲ್ಲೇ!" ಎಂದ. ಅಷ್ಟೇ ಅವನ ದೂರು. ಆಮೇಲೆ ಅವಳ ಕೈಯಲ್ಲಿದ್ದ ಎಡಗಾಲಿನದನ್ನು ಇಸಿದುಕೊಂಡು ಬಲದ್ದರ ಪಕ್ಕಕ್ಕೆ ಇಟ್ಟ. ಪಂಚೆ ಮಡಚಿ ನೆಲಕ್ಕೆ ಕುಕ್ಕರುಗಾಲಿನಲ್ಲಿ ಕುಳಿತ. "ಕಾಲು ಕೊಡು. ಬಾರು ಹೊಸದು, ಬಿಗಿ ಐತೆ."

"ಅಯ್ಯೋ ಶಿವನೇ, ಗಂಡನ ಕೈಲಿ ಮೆಟ್ಟು ಮುಟ್ಟುಸ್ತೀಯೇನೇ!" ಎಂದು ಬಸಮ್ಮ ಅಳುವುದನ್ನೇ ಮರೆತಳು.

"ದಿನಾ ಊರೋರ ಮೆಟ್ಟೆಲ್ಲ ಮುಟ್ತೀನಿ ಅತ್ತೆ" ಎಂದ ಏಕಾಂತಪ್ಪ ಬಾರು ಸಡಿಲಿಸುತ್ತ, "ನಮ್ಮ ಮನೇದು ಇದೊಂದು ಬಾಕಿ ಇತ್ತು."

ಅವಳು ಎರಡೂ ಮೆಟ್ಟಿ ವರಾಂಡದ ಉದ್ದಕ್ಕೂ ನಡೆದಳು. ಭುಜ ಇಳಿಯಲಿಲ್ಲ. ತಿರುಗಿ ಬಂದಳು. ಇನ್ನೊಂದು ಸಲ ಹೋದಳು. ಮೂರನೆಯ ಸಲ ಹೋಗುವಾಗ ಅವಳಿಗೇ ನಗು ಬಂದು ಸೆರಗು ಬಾಯಿಗೆ ಹಿಡಿದಳು. "ಬಂಗಾರ ಇಲ್ಲ, ಮೂಟೆ ಬಿಡಯ್ಯ" ಎಂದು ಸಾಹೇಬರು ಜವಾನನಿಗೆ ಹೇಳಿ, ಕನ್ನಡಕ ಒರೆಸುವ ನೆಪದಲ್ಲಿ ಒಳಗೆ ಹೋದರು.

ಬಲಗಾಲುಗಳ ಮೂಟೆಯ ಜೊತೆ ಬಸಮ್ಮನೂ ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ಹಿರಿಯೂರಿಗೆ ಹೊರಟಳು. ಡ್ರೈವರಿಗೆ ದಾರಿಯುದ್ದಕ್ಕೂ ಕಂಬಳಿ ಮಡಚುವ ರೀತಿಯನ್ನು ವಿವರಿಸಿದಳಂತೆ. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಸಂಜೆ ಹೊಸದುರ್ಗದಲ್ಲಿ ಬಸ್ಸಿಳಿದಾಗ ಏಕಾಂತಪ್ಪ ಅಭ್ಯಾಸದ ಪ್ರಕಾರ ಎಡ ಅಂಚನ್ನು ಅವಳಿಗೆ ಬಿಟ್ಟು ಬಲಕ್ಕೆ ಸರಿದ. ಸರ್ವಮಂಗಳ ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅವನೂ ಹಿಂದೆಯೇ ಓಡಿ, ಯಾವ ಪಕ್ಕದಲ್ಲಿ ನಡೆಯಬೇಕೋ ತಿಳಿಯದೆ ಒಮ್ಮೆ ಅತ್ತ ಒಮ್ಮೆ ಇತ್ತ ಬಂದ.

"ಯಾವ ಕಡಿಗಾದ್ರೂ ಬರ್ರಿ. ಸುಮ್ನೆ ಬರ್ರಿ" ಎಂದಳು.

ಹೂವಿನವಳ ಬುಟ್ಟಿಯ ಹತ್ತಿರ ಅವನು ನಿಂತ. ಇಂಥ ದಿನ ಹೆಂಡತಿಗೆ ಹೂವು ಮುಡಿಸಬೇಕು ಎನ್ನಿಸಿತು. ಮಲ್ಲಿಗೆ ದಂಡೆಯನ್ನು ಎತ್ತಿಕೊಂಡು, "ಏನು ಘಮ, ಏನು ಘಮ!" ಎಂದ.

"ಮಲ್ಲಿಗೆ ಬ್ಯಾಡ. ಆ ಕನಕಾಂಬರ ತಗಳ್ರಿ."

"ಯಾಕೆ?"

"ನೀವು ನನ್ನ ನೋಡಾಕೆ ಬಂದ ದಿನ ಮುಡಿದಿದ್ದು ಅದೇ."

ಏಕಾಂತಪ್ಪನ ಕೈ ಬುಟ್ಟಿಯ ಮೇಲೆಯೇ ನಿಂತಿತು. ಕನಕಾಂಬರಕ್ಕೆ ವಾಸನೆ ಇಲ್ಲವೆಂಬುದು ಹೂವಿನವಳಿಗೆ ಗೊತ್ತು, ಊರಿಗೆ ಗೊತ್ತು, ಮದುವೆಯಾದ ಮೇಲೆ ಎಂದೋ ಯಾರೋ ಹೇಳಿದ್ದರಿಂದ ಏಕಾಂತಪ್ಪನಿಗೂ ಗೊತ್ತು. ಹಜಾರದ ತುಂಬ ತುಂಬಿದ್ದ ಘಮ ನೆನಪಾಯಿತು. ಹೆಣ್ಣಿನ ಕಡೆಯವರ ನಗು ನೆನಪಾಯಿತು. ಸುಟ್ಟ ಹಾಲು, ಈರುಳ್ಳಿ ಹುಗ್ಗಿ, ಮೇಜಿನ ಆಚೆ ಮೂಗಿಗೆ ಒತ್ತಿದ ಸೆರಗು, ಎಲ್ಲ ಸಾಲಾಗಿ ನೆನಪಾದವು.

"ಅವತ್ತಿಂದ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಒಪ್ಪಿದೆ?"

"ನೀವು ಕಂಬಳಿ ನೋಡಿರಲಿಲ್ಲ" ಎಂದಳು ಸರ್ವಮಂಗಳ. "ನೋಡಿದ್ರೂ ಚೆಂದಾಗೈತೆ ಅಂತಿದ್ರಿ ಅನ್ನಿಸ್ತು."

ಅವನು ಕನಕಾಂಬರದ ದಂಡೆಯನ್ನು ಕೈಗೆ ತೆಗೆದುಕೊಂಡ. ಅಭ್ಯಾಸಬಲದಿಂದ ಮೂಗಿಗೆ ಹಿಡಿದು ಎರಡೂ ಕಣ್ಣು ಮುಚ್ಚಿದ. ಆಮೇಲೆ ಒಂದನ್ನು ಮೆಲ್ಲಗೆ ತೆರೆದು ಹೆಂಡತಿಯ ಮುಖ ನೋಡಿದ.

"ಘಮ್ ಅಂತೈತೆ" ಎಂದ.